ಜೋರು ತೋಟೆ ಬೇಕಾ? ಮೊದಲು ಕೋವಿಯನ್ನು ತಕ್ಕಡಿಗೆ ಹಾಕಿ



ಈ ವಾರ ಕರಿಮೆಣಸಿನ ಸೊರಗು ರೋಗದ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಅಷ್ಟರಲ್ಲಿ ಅಕ್ಕನ ಮಗ ಬಂದು ಮೊಬೈಲ್ ಮುಖಕ್ಕೆ ಹಿಡಿದ. ಅಮೆರಿಕದ ಒಬ್ಬ ತನ್ನ ಶೆಡ್ಡಿನಲ್ಲಿ ಒಂದು ಲಿವರ್ ಎಳೆದು ಎಳೆದು ಹನ್ನೆರಡು ಬೋರಿನ ತೋಟೆ ತುಂಬಿಸುವ ವಿಡಿಯೋ. (ತೋಟೆ ಅಂದರೆ ಕಾರ್ಟ್ರಿಜ್. ಕಾಫಿ ತೋಟ ಅಲ್ಲ. ಬಯಲುಸೀಮೆಯ ಓದುಗರು ಕ್ಷಮಿಸಿ.) ಹುಡುಗನ ಕಣ್ಣು ಮಿನುಗುತ್ತಿತ್ತು.

"ಮಾವ, ಇದು ಸೆಕೆಂಡಿಗೆ 1,500 ಅಡಿ ಹೋಗುತ್ತಂತೆ. ಹೈ ವೆಲಾಸಿಟಿ. ನಾವೇ ತುಂಬಿಸ್ಕೊಂಡ್ರೆ ಕೈಲ್ ಪೊಳ್ದಿಗೆ ಕಾಯಿ ಹೊಡೆಯೋಕೂ ಆಯ್ತು, ಗದ್ದೆಗೆ ಬರೋ ಹಂದಿಗೂ ಆಯ್ತು. ಅಜ್ಜನೂ ತಾನೇ ತುಂಬಿಸ್ತಿದ್ರು ಅಲ್ವಾ?"

ಒಂದೇ ಉಸಿರಿನಲ್ಲಿ ಮೂರು ತಪ್ಪು ಹೇಳಿದ. ಬೈಯಲಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇದರಲ್ಲಿ ಒಂದೂವರೆ ತಪ್ಪನ್ನು ನಾನೇ ಮಾಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತೆ. ನಮ್ಮ ಕಡೆ ನಾಟಿ ಕೆಲಸ ಮುಗಿದು ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಪೊಳ್ದ್ ಬರುತ್ತೆ. ಕೋವಿ, ಕತ್ತಿ ಎಲ್ಲ ಪೂಜೆಗೆ ಕೂರುತ್ತವೆ, ಕೋವಿಗೆ ತೋಕ್ ಪೂ ಸಿಕ್ಕಿಸುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆ. ಹುಡುಗರ ತಲೆಗೆ ಹೈ ವೆಲಾಸಿಟಿ ಹತ್ತುವುದು ಈ ದಿನಗಳಲ್ಲೇ.

ನನ್ನ ಒಂದೂವರೆ ತಪ್ಪು

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ ಇದೆ. ಹಗುರ, ಭುಜಕ್ಕೆ ಹಿಡಿದರೆ ಇದೆಯೋ ಇಲ್ಲವೋ ಅನ್ನುವಂಥದ್ದು. ಆ ವರ್ಷ ಯಾರೋ ಸ್ನೇಹಿತರು ಹೊಸ ತೋಟೆ ಕೊಟ್ಟರು. "ಇದು ಜೋರು, ನಿಮ್ಮ ಹಳೇ ಸರಕಿನ ಥರ ಅಲ್ಲ" ಅಂದರು. ಕೋವಿಗೆ ಸಲೀಸಾಗಿ ಕೂತಿತು. ಮೊದಲನೆಯದು ಹೊಡೆದಾಗ ಕೆನ್ನೆಗೆ ಗುದ್ದಿದ ಹಾಗಾಯಿತು. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡೇ ಕುದುರೆ ಎಳೆದೆ. ಮೂರನೆಯದಕ್ಕೆ ಹಿಡಿಯ ಹತ್ತಿರ ಕೋವಿಯ ಮರ ಟಪ್ ಅಂತ ಸೀಳಿತು. ಕಾಯಿ ಮಾತ್ರ ಹಾಗೇ ಇತ್ತು.

ರಿಪೇರಿಗೆ ಒಯ್ದಾಗ ವಯಸ್ಸಾದ ಕೆಲಸಗಾರ ನಳಿಗೆ ಮಡಚಿ ಅಡಿಭಾಗದ ಗುರುತು ತೋರಿಸಿದರು. ಎರಡೂವರೆ ಇಂಚು. ಅಂದರೆ 65 ಮಿಲಿಮೀಟರ್ ತೋಟೆಯ ಕೋವಿ. ನಾನು ಹಾಕಿದ್ದು 70ರದ್ದು.

"ಆದರೆ ಸರಿಯಾಗಿ ಕೂತಿತ್ತಲ್ಲ?" ಅಂದೆ. ಇದೇ ಎಲ್ಲರೂ ಮೋಸ ಹೋಗುವ ಜಾಗ. ತೋಟೆಯ ಮೇಲೆ ಬರೆದಿರುವ ಉದ್ದ ಅದು ಹೊಡೆದ ಮೇಲಿನ ಉದ್ದ. ಬಾಯಿ ಮಡಚಿರುವಾಗ 70ರ ತೋಟೆ ಅದಕ್ಕಿಂತ ಗಿಡ್ಡ, 65ರ ಕೋಣೆಯೊಳಗೆ ಆರಾಮಾಗಿ ಕೂರುತ್ತೆ. ಸಿಡಿದಾಗ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತೆ. ಅಲ್ಲಿ ನಳಿಗೆ ಕಿರಿದಾಗುತ್ತಾ ಹೋಗಿರುತ್ತೆ, ಬಿಚ್ಚಿದ ಬಾಯಿಗೆ ಜಾಗ ಸಾಲಲ್ಲ, ಹಾದಿ ಇಕ್ಕಟ್ಟಾಗುತ್ತೆ. ಒಳಗಿನ ಒತ್ತಡ ಏರುತ್ತೆ. ಮರ ಸೀಳಿದ್ದು ನನ್ನ ಅದೃಷ್ಟ, ನಳಿಗೆ ಸೀಳಬಹುದಿತ್ತು.

ಒತ್ತಡ ಅಂದರೆ ಎಷ್ಟು? ಬೋರ್ಡೋ ಹೊಡೆಯುವ ನಮ್ಮ ಪವರ್ ಸ್ಪ್ರೇಯರ್ 20-30 ಬಾರ್‌ನಲ್ಲಿ ಕೆಲಸ ಮಾಡುತ್ತೆ, ಅದರ ಪೈಪು ಒಡೆದರೇ ನಾವು ಹಾರಿ ಓಡುತ್ತೇವೆ. ಹನ್ನೆರಡು ಬೋರಿನ ಸಾಮಾನ್ಯ ತೋಟೆಗೆ ಯುರೋಪಿನ ಮಾನದಂಡ ಇಟ್ಟಿರುವ ಮಿತಿ 740 ಬಾರ್. ಹೈ ಪರ್ಫಾರ್ಮೆನ್ಸ್ ಎಂಬ ವರ್ಗಕ್ಕೆ 1,050. ಇದೆಲ್ಲ ನಿಮ್ಮ ಕಣ್ಣಿನಿಂದ ಒಂದು ಗೇಣು ಮುಂದೆ, ಎಡಗೈಯ ಹತ್ತಿರ ನಡೆಯುವ ವ್ಯವಹಾರ.

ವೇಗದ ಹುಚ್ಚು ಎಲ್ಲಿಂದ ಬಂತು

ಅಮೆರಿಕದವರು ಹುಚ್ಚರಲ್ಲ, ಅವರಿಗೆ ಕಾರಣ ಇತ್ತು. ಕೆರೆ, ಜೌಗಿನಲ್ಲಿ ಬಿದ್ದ ಸೀಸದ ಚರೆಗಳನ್ನು ಬಾತುಕೋಳಿಗಳು ಕಲ್ಲಿನ ಹರಳು ಅಂತ ನುಂಗಿ ವಿಷವೇರಿ ಸಾಯುತ್ತಿದ್ದವು. ಅದಕ್ಕೆ 1991ರಿಂದ ಆ ದೇಶದಲ್ಲೆಲ್ಲ ನೀರುಹಕ್ಕಿ ಬೇಟೆಗೆ ಸೀಸ ನಿಷೇಧವಾಯಿತು. ಬದಲಿಗೆ ಬಂದಿದ್ದು ಉಕ್ಕಿನ ಚರೆ. ಸೀಸದ ಸಾಂದ್ರತೆ 11ರ ಮೇಲೆ, ಉಕ್ಕಿನದು 8ಕ್ಕೂ ಕಡಿಮೆ. ಅದೇ ಗಾತ್ರದ ಕಾಳು ಹಗುರವಾಯಿತು, ಹಗುರವಾದದ್ದು ಗಾಳಿಯಲ್ಲಿ ಬೇಗ ಸೋಲುತ್ತೆ. ಆ ಕೊರತೆ ತುಂಬಿಸಲು ಕಾಳನ್ನು ದೊಡ್ಡದು ಮಾಡಿದರು, ವೇಗ ಏರಿಸಿದರು. ಉಕ್ಕು ಗಟ್ಟಿ, ನಳಿಗೆಯೊಳಗಿನ ಗುದ್ದಿಗೆ ಚಪ್ಪಟೆಯಾಗಲ್ಲ, ಹಾಗಾಗಿ ಆ ವೇಗ ತಡೆಯುತ್ತೆ. ನಮ್ಮ ಸೀಸದ ಚರೆಗೆ ಅದೇ ಒದೆ ಕೊಟ್ಟರೆ ಕಾಳುಗಳು ವಕ್ರವಾಗಿ ಅಡ್ಡಾದಿಡ್ಡಿ ಹಾರುತ್ತವೆ. ಹಾಗಂತ ಉಕ್ಕನ್ನು ತಂದು ಅಜ್ಜನ ಕೋವಿಗೆ ಹಾಕಲೂಬೇಡಿ, ಹಳೆಯ ತೆಳು ನಳಿಗೆಯ ಚೋಕ್ ಹಾಳಾಗುತ್ತೆ.

ಗುರಿ ಹೊಡೆಯುವವರ ಕಥೆಯೇ ಬೇರೆ. ಅಮೆರಿಕದ ಟ್ರ್ಯಾಪ್ ಸಂಸ್ಥೆ, ಅಂದರೆ ಎಟಿಎ, ವೇಗಕ್ಕೆ ಲಗಾಮು ಹಾಕಿದೆ. ಒಂದೂಕಾಲು ಔನ್ಸಿಗಿಂತ ಕಡಿಮೆಯಾದ ಒಂದು ಔನ್ಸ್ ಮತ್ತು ಎಂಟನೇ ಒಂದು ಭಾಗ ಚರೆ ಅಲ್ಲಿ ಗರಿಷ್ಠ. ಅಷ್ಟಿದ್ದರೆ ಸೆಕೆಂಡಿಗೆ 1,290 ಅಡಿ ಮೀರಬಾರದು, ಒಂದು ಔನ್ಸಿಗೆ 1,325. ಒಲಿಂಪಿಕ್ಸಿನಲ್ಲಿ ಚರೆಯ ತೂಕವೇ 24 ಗ್ರಾಂ. ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರಲ್ಲಿ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದದ್ದು ಒಂದರ ಹಿಂದೆ ಒಂದು ಎರಡು ಹಾರುವ ತಟ್ಟೆ ಒಡೆದು. ನಮ್ಮ ಹುಡುಗರು ಕದಲದ ಕಾಯಿಗೆ 36 ಗ್ರಾಂ ಕೇಳುತ್ತಾರೆ!

ಲೆಕ್ಕ ಹಾಕೋಣ

ಅಕ್ಕನ ಮಗ ಓದಿದವನು, ಲೆಕ್ಕ ತೋರಿಸಿದರೆ ಒಪ್ಪುತ್ತಾನೆ. ಅದಕ್ಕೆ ಕಾಗದ ತೆಗೆದೆ.

2.4 ಮಿಲಿಮೀಟರ್ ಸೀಸದ ಕಾಳು ತಗೊಳ್ಳಿ. ಒಂದು ತೋಟೆ 1,200 ಅಡಿ ವೇಗದ್ದು (ಸೆಕೆಂಡಿಗೆ 366 ಮೀಟರ್), ಇನ್ನೊಂದು 1,500ರದ್ದು (457 ಮೀಟರ್). ಮೂತಿಯಲ್ಲಿ 91 ಮೀಟರ್ ಅಂತರ, ಭಾರೀ ಅನ್ನಿಸುತ್ತೆ. ಆದರೆ ಶಬ್ದಕ್ಕಿಂತ ವೇಗವಾಗಿ ಹೋಗುವ ಉರುಟು ಕಾಳನ್ನು ಗಾಳಿ ಕಂಡಾಪಟ್ಟೆ ಹಿಡಿದೆಳೆಯುತ್ತೆ. ನನ್ನ ಲೆಕ್ಕದಲ್ಲಿ ಆ 1,500ರ ಕಾಳು ಸುಮಾರು ಏಳು ಮೀಟರ್ ಹೋಗುವಷ್ಟರಲ್ಲಿ 1,200ಕ್ಕೆ ಇಳಿದಿರುತ್ತೆ. ಅಂಗಳ ದಾಟುವುದರೊಳಗೆ ಜೋರು ತೋಟೆ ಸಾದಾ ತೋಟೆ ಆಗಿಹೋಯಿತು! 36 ಮೀಟರ್ ಮುಟ್ಟುವಾಗ ಆ 91ರ ಅಂತರದಲ್ಲಿ ಉಳಿಯುವುದು ಕಾಲು ಭಾಗದ ಆಸುಪಾಸು.

ಹಾರುವ ಗುರಿಗೆ ಇದರಿಂದ ಲಾಭ ಇಲ್ಲವೇ ಇಲ್ಲ ಅಂತ ಹೇಳಲ್ಲ. ಆ ದೂರದಲ್ಲಿ ಸೆಕೆಂಡಿಗೆ 20 ಮೀಟರ್ ಅಡ್ಡ ಹಾರುವ ತಟ್ಟೆಗೆ ಎರಡೂ ಮುಕ್ಕಾಲು ಮೀಟರ್ ಮುಂದೆ ಗುರಿ ಹಿಡಿಯಬೇಕು, ಜೋರು ತೋಟೆಯಲ್ಲಿ ಅದು ಒಂದಡಿಯಷ್ಟು ಕಡಿಮೆಯಾದೀತು. ಚರೆ ಹರಡುವ ಅಗಲವೇ ಮುಕ್ಕಾಲು ಮೀಟರ್. ಇನ್ನು ತೆಂಗಿನಕಾಯಿ ಎಲ್ಲಿಗೂ ಹಾರಲ್ಲ. 30 ಮೀಟರಿನಲ್ಲಿ ಎರಡು ತೋಟೆಗಳ ಚರೆ ಕೆಳಗಿಳಿಯುವುದರಲ್ಲಿ ವ್ಯತ್ಯಾಸ ಎರಡು ಸೆಂಟಿಮೀಟರಿಗೂ ಕಡಿಮೆ. ಅದಕ್ಕಿಂತ ಹೆಚ್ಚು ನನ್ನ ಕೈ ನಡುಗುತ್ತೆ.

ಪೆಟ್ಟು ಬಲವಾಗಬೇಕಾ? ಹಾಗಾದರೆ ಕಾಳನ್ನು ಒಂದು ಗಾತ್ರ ದೊಡ್ಡದು ಮಾಡಿ. 2.4ರಿಂದ 2.6 ಮಿಲಿಮೀಟರಿಗೆ ಹೋದರೆ ಒಂದೊಂದು ಕಾಳಿನ ತೂಕ ಸುಮಾರು 27 ಶೇಕಡಾ ಏರುತ್ತೆ, ಗಾಳಿಯನ್ನೂ ಚೆನ್ನಾಗಿ ಸೀಳುತ್ತೆ, ಭುಜಕ್ಕೆ ಒಂದು ಚೂರೂ ಹೆಚ್ಚು ಒದೆಯಲ್ಲ. ಪುಕ್ಕಟೆ ಅಂತೂ ಅಲ್ಲ. 28 ಗ್ರಾಂನಲ್ಲಿ 350 ಕಾಳು ಇದ್ದದ್ದು 275ಕ್ಕೆ ಇಳಿಯುತ್ತೆ. ಇದನ್ನು ತೂಗಿ ನೋಡಬೇಕು ನಾವು. ಅಡಿ ಸೆಕೆಂಡು ಪೆಟ್ಟಿಗೆ ಮಾರುವವನ ಮಾತು.

ಒದೆ ಮಾತ್ರ ಗಾಳಿಗೆ ಸೋಲಲ್ಲ. ಅದು ಪೂರ್ತಿ ನಿಮಗೇ. ಚರೆಯ ತೂಕ ಅಷ್ಟೇ ಇದ್ದು ವೇಗ 1,200ರಿಂದ 1,500ಕ್ಕೆ, ಅಂದರೆ ಕಾಲು ಪಾಲು ಏರಿದರೆ, ಕೋವಿ ಹಿಂದೆ ಒದೆಯುವ ಶಕ್ತಿ ಅರ್ಧಕ್ಕಿಂತ ಹೆಚ್ಚು ಏರುತ್ತೆ. ಎರಡು ಈಡು ತಿಂದ ಮೇಲೆ ಮೂರನೆಯದಕ್ಕೆ ಭುಜ ತಾನೇ ಹಿಂಜರಿಯುತ್ತೆ. ಯೂರಿಯಾ ಚೀಲ ಜಾಸ್ತಿ ಸುರಿದರೆ ಭತ್ತ ಎತ್ತರಕ್ಕೆ ಬೆಳೆದು ಮಲಗುತ್ತಲ್ಲ, ಅದೇ ಕಥೆ.

ಕೋವಿ ತೂಗುವುದು

ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಂದು ಸುಲಭ ಲೆಕ್ಕ ಹೇಳಿದ್ದ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. ಇದು ಕಾನೂನಲ್ಲ, ಅಂದಾಜು. ಆದರೆ ನಾನು ಕಂಡ ಅಂದಾಜುಗಳಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಕಡಿಮೆ.

ಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ನಿಮ್ಮ ಮನೆಯಲ್ಲೇ ಇದೆ. ಮೊದಲು ಕೋವಿ ಮಡಚಿ ಎರಡೂ ನಳಿಗೆ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಆಮೇಲೆ ತೂಗಿ, ಗ್ರಾಂನಲ್ಲಿ ಬಂದದ್ದನ್ನು 96ರಿಂದ ಭಾಗಿಸಿ. 2,700 ಗ್ರಾಂ ಇದ್ದರೆ 28 ಗ್ರಾಂ ಚರೆ. 32 ಗ್ರಾಂ ಬೇಕು ಅಂದರೆ ಕೋವಿ ಮೂರು ಕಿಲೋ ದಾಟಿರಬೇಕು. 36 ಗ್ರಾಂ ಹೊಡೆಯಬೇಕು ಅನ್ನುವವನ ಕೋವಿ ಸುಮಾರು ಮೂರೂವರೆ ಕಿಲೋ ತೂಗಬೇಕು. ಅಂಥದ್ದನ್ನು ಹೊತ್ತು ಗದ್ದೆ ಬದುವಿನಲ್ಲಿ ನಡೆದು ನೋಡಿ, ಆಸೆ ತಾನೇ ಇಳಿಯುತ್ತೆ.

ತಕ್ಕಡಿಯ ಹತ್ತಿರ ಇರುವಾಗಲೇ ನಳಿಗೆ ಬಿಚ್ಚಿ ಅಡಿಯ ಗುರುತು ಫೋಟೋ ತೆಗೆಯಿರಿ, ಜೂಮ್ ಮಾಡಿ ಓದಿ. ಕೋಣೆಯ ಉದ್ದ ಅಲ್ಲಿರಬಹುದು. "ನಾಟ್ ಫಾರ್ ಬಾಲ್" ಅಂತ ಇದ್ದರೆ ಅದು ಹತ್ತೊಂಬತ್ತನೇ ಶತಮಾನದ ಚೋಕ್ ಇರುವ ನಳಿಗೆ, ಒಂಟಿಗುಂಡು ಹಾಕಬಾರದು. "ನೈಟ್ರೋ ಪ್ರೂವ್ಡ್" ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಹಾವಿನ ಹೊರೆಯ ಥರ ಅಲೆ ಅಲೆ ಗೆರೆ ಕಂಡರೆ, ಅದು ಕರಿಮದ್ದಿನ ಕಾಲದ್ದಿರಬಹುದು. ಗುರುತು ಓದಲಾಗದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಕೋಣೆ ಅಳೆಸಿ. ಅಲ್ಲಿಯವರೆಗೆ ಆ ಕೋವಿ ಪೂಜೆಗೆ ಮಾತ್ರ.

"ಅಜ್ಜ ತುಂಬಿಸ್ತಿದ್ರು"

ತುಂಬಿಸುತ್ತಿದ್ದರು, ನಿಜ. ಕೇಪಿನ ಕೋವಿಗೆ, ಕರಿಮದ್ದು, ಹಿತ್ತಾಳೆ ಅಳತೆಯಲ್ಲಿ. ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದರೆ ಕರಿಮದ್ದು ಒಂದಿಷ್ಟು ಕ್ಷಮಿಸುತ್ತೆ. ಈಗಿನ ಹೊಗೆರಹಿತ ಮದ್ದು ಕ್ಷಮಿಸಲ್ಲ. ಕರಿಮದ್ದಿನ ಅಳತೆಯಲ್ಲಿ ಇದನ್ನು ತುಂಬಿಸಿ ಕೋವಿ, ಕೈ ಎರಡೂ ಕಳೆದುಕೊಂಡವರು ಈ ಮದ್ದು ಬಂದ ಕಾಲದಿಂದಲೂ ಇದ್ದಾರೆ.

ಅಲ್ಲಿನ ಕಾನೂನು ಬಿಟ್ಟಿರುವ ದೇಶದಲ್ಲಿ ತುಂಬಿಸುವವರು ಹೇಗೆ ಮಾಡುತ್ತಾರೆ? ಪರೀಕ್ಷಿಸಿ ಅಚ್ಚು ಹಾಕಿದ ಕೋಷ್ಟಕ ಮುಂದಿಟ್ಟುಕೊಂಡು. ಇಂಥ ಖೋಲು, ಇಂಥ ಕೇಪು, ಇಂಥ ಮದ್ದು, ಇಂಥ ವ್ಯಾಡ್, ಇಷ್ಟು ಚರೆ. ಐದರಲ್ಲಿ ಒಂದನ್ನು ಬದಲಾಯಿಸಿದರೂ ಆ ಸಾಲು ಸುಳ್ಳು. ಕೇಪು ಒಂದನ್ನೇ ಬದಲಿಸಿದರೂ ಒತ್ತಡ ಮಿತಿ ಮೀರಬಹುದು. ಇನ್ನೊಂದು ಗುಂಡಿ ಇದೆ: ಆ ವಿಡಿಯೋಗಳಲ್ಲಿ ಮದ್ದಿನ ತೂಕ ಹೇಳುವುದು ಗ್ರೇನ್‌ನಲ್ಲಿ. ಒಂದು ಗ್ರಾಂಗೆ 15ಕ್ಕೂ ಹೆಚ್ಚು ಗ್ರೇನ್. ಗ್ರೇನ್ ಅಂದದ್ದನ್ನು ಗ್ರಾಂ ಅಂತ ಕೇಳಿಸಿಕೊಂಡವನ ಗತಿ ನೀವೇ ಊಹಿಸಿ. ಅಲ್ಲಿ ಅನುಭವಸ್ಥರು ಮನೆಯಲ್ಲಿ ತುಂಬಿಸುವುದು ಬಹಳ ಸಲ ಮೆತ್ತನೆಯ ತೋಟೆಗೇ, ಹಳೆಯ ಕೋವಿಗೆ, ಭುಜ ನೋವಿನವರಿಗೆ. ಆ ವಿಡಿಯೋಗಳಿಗೆ ಲೈಕ್ ಬರಲ್ಲ ಅಷ್ಟೇ.

ನಮ್ಮಲ್ಲಿ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಜೈಲು. "ನಮಗೆ ವಿನಾಯಿತಿ ಇದೆ ಮಾವ" ಅಂದ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರುವುದು ಹೌದು, 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು, ಒಯ್ಯಲು. ಶೆಡ್ಡಿನಲ್ಲಿ ತೋಟೆ ಕಾರ್ಖಾನೆ ಇಡಲು ಅಲ್ಲ. ನಾಲ್ಕು ಹುಡುಗರು ಹಾಗೆ ಸಿಕ್ಕಿಬಿದ್ದರೆ, ವಿನಾಯಿತಿಯನ್ನೇ ತೆಗೆಯಿರಿ ಅನ್ನುವವರಿಗೆ ನಾವೇ ದಾಖಲೆ ಕೊಟ್ಟ ಹಾಗೆ.

ಹಂದಿ

ಇಲ್ಲಿ ಅವನಿಗೆ ಸಿಟ್ಟು ಬಂತು, ನ್ಯಾಯವೇ. ಹಿಂದಿನ ವಾರ ಅರ್ಧ ಎಕರೆ ಗದ್ದೆ ಉತ್ತ ಹಾಗೆ ಮಾಡಿ ಹೋಗಿದ್ದವು. ಆದರೂ ಹೇಳಬೇಕಾದ್ದು ಹೇಳಿದೆ. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷಿದ್ಧ. 2022ರ ತಿದ್ದುಪಡಿ ಜಾರಿಯಾದ ಮೇಲೆ, ಅಂದರೆ 2023ರ ಏಪ್ರಿಲ್‌ನಿಂದ, ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ಕೊಡಬಹುದು, 11ನೇ ಸೆಕ್ಷನ್. ಆ ಕಾಗದ ಕೈಯಲ್ಲಿಲ್ಲದೆ ಈಡು ಹಾರಿಸಿದರೆ ಹಂದಿಯ ಬದಲು ನೀವು ಸಿಕ್ಕಿಬೀಳುತ್ತೀರಿ. ಹಕ್ಕಿ ಚರೆಯನ್ನು ಎಷ್ಟು ಜೋರಾಗಿ ಹೊಡೆದರೂ ಹಂದಿ ಸಾಯಲ್ಲ, ಗಾಯಗೊಂಡು ಕಾಫಿ ಗಿಡದ ಬುಡದಲ್ಲಿ ಅಡಗುತ್ತೆ, ಮರುದಿನ ಹಣ್ಣು ಕುಯ್ಯಲು ಹೋದ ಹೆಂಗಸರ ಮೇಲೆ ನುಗ್ಗುತ್ತೆ. ಬೆಳೆ ಹೋದ ದಿನವೇ ಫೋಟೋ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರಕ್ಕೆ ಅರ್ಜಿ ಹಾಕಿ. ಬರುವ ದುಡ್ಡು ನಷ್ಟಕ್ಕೆ ಸಾಲದು ಅನ್ನೋದು ನನಗೂ ಗೊತ್ತು. ಸೋಲಾರ್ ಬೇಲಿ ಬಗ್ಗೆ ಇನ್ನೊಂದು ವಾರ ಬರೆಯುತ್ತೇನೆ.

ಸ್ಪರ್ಧೆಗೆ ಮುಂಚೆ ಒಂದು ಕೆಲಸ

ಆಯೋಜಕರನ್ನು ಕೇಳಿ, ಹಿಂದೆ ಮಣ್ಣಿನ ದಿಬ್ಬ ಇರುವ ಅವರ ಜಾಗದಲ್ಲೇ, ದೊಡ್ಡ ಕಾಗದ ಕಟ್ಟಿ 36 ಮೀಟರಿನಿಂದ ಒಂದು ಈಡು ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಕಡೆ 75 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆದು ತೂತು ಎಣಿಸಿ. ಫುಲ್ ಚೋಕ್ ನಳಿಗೆ ನೂರಕ್ಕೆ 70 ಕಾಳು ಒಳಗೆ ಹಾಕಬೇಕು, ಚೋಕ್ ಇಲ್ಲದ್ದು 40. ಎರಡೂ ನಳಿಗೆಗೂ ಮಾಡಿ, ಎರಡು ಮೂರು ಬ್ರ್ಯಾಂಡಿಗೂ ಮಾಡಿ. ವೃತ್ತದ ನಡುವೆ ಅಂಗೈ ಅಗಲದ ಖಾಲಿ ಜಾಗ ಕಂಡರೆ ಕಾಯಿ ಯಾಕೆ ತಪ್ಪುತ್ತಿತ್ತು ಅಂತ ಅಲ್ಲೇ ಗೊತ್ತಾಗುತ್ತೆ. ದಟ್ಟ ಜಾಗ ನೀವು ಗುರಿ ಇಟ್ಟಲ್ಲಿಂದ ಒಂದು ಗೇಣು ಪಕ್ಕಕ್ಕಿದ್ದರೆ ತಪ್ಪು ತೋಟೆಯದ್ದಲ್ಲ, ಕೋವಿಯ ಮರ ನಿಮ್ಮ ಮೈಗೆ ಹೊಂದುತ್ತಿಲ್ಲ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ. ನನ್ನ ಎಡಗಿವಿಯಲ್ಲಿ ಈಗಲೂ ಜೀರುಂಡೆ ಕೂಗುತ್ತೆ.

ನಿನ್ನೆ ಸಂಜೆ ಅಕ್ಕನ ಮಗನ ಫೋನು. ಅವನ ಮನೆ ಕೋವಿ ಎರಡು ಕಿಲೋ 750 ಗ್ರಾಂ ಬಂತಂತೆ. "96ರಿಂದ ಭಾಗಿಸಿದೆ ಮಾವ, 28.6." ಕೋಣೆ ಅಳೆಸಿದ್ದಾನೆ, 65. ಅಂಗಡಿಯಲ್ಲಿ 65ರ ತೋಟೆ ವಿಚಾರಿಸಿದ್ದಾನೆ, ಸೋಮವಾರ ಬರುತ್ತದಂತೆ. ಪೆಟ್ಟಿಗೆಯ ಮೇಲಿನ ಚರೆಯ ತೂಕ ಓದಿ ನನಗೆ ಫೋಟೋ ಕಳಿಸಿದ ಮೇಲೇ ದುಡ್ಡು ಕೊಡು ಅಂದಿದ್ದೇನೆ.